ಅಗೋಚರ ಜನಸಂಖ್ಯೆಯ ಗಣನಕ್ರಮ: ಒಂದು ವಿಮರ್ಶೆ

ಆರೋಗ್ಯಶಾಸ್ತ್ರಜ್ಞರು ‘ಅಗೋಚರ ಜನಸಮುದಾಯ’ವೆಂದು ಕರೆಯುವುದು, ಕಾಯಿದೆಯ ಭಯದಿಂದಲೋ ಲೋಕನಿಂದೆಗೆ ಅಂಜಿಯೋ ಗಣತಿಯವರ ಮುಂದೆ ತಮ್ಮ ಸ್ಥಿತಿಯನ್ನು ಹೇಳಿಕೊಳ್ಳದವರನ್ನು: ಲೈಂಗಿಕ ವೃತ್ತಿಯವರು, ಮಾದಕದ್ರವ್ಯವನ್ನು ಸೂಜಿಯಿಂದ ಚುಚ್ಚಿಕೊಳ್ಳುವವರು ಮೊದಲಾದವರನ್ನು. ಈ ಹೆಸರೇ ನಿರ್ದುಷ್ಟವಾದುದಲ್ಲ. ಇವರು ತಮ್ಮ ಒಡನಾಡಿಗಳಿಗೆ ಗೋಚರರೇ. ಪಟ್ಟಿ ಬರೆಯುವವನಿಗೆ ಮಾತ್ರ ಅಗೋಚರರು. ಆದರೂ ಇವರ ಸಂಖ್ಯೆ ತಿಳಿಯದೆ ಎಚ್.ಐ.ವಿ.ಯನ್ನು ತಡೆಯುವ ಕಾರ್ಯಕ್ಕೆ ಹಣವನ್ನಾಗಲಿ ಔಷಧವನ್ನಾಗಲಿ ಗೊತ್ತುಮಾಡುವಂತಿಲ್ಲ.

ಗಣನೆಯ ಪ್ರಸಿದ್ಧವಾದ ಕ್ರಮವೊಂದು ಮೀನಿನಿಂದ ಬಂದುದು. ೧೮೯೬ರಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಮೀನುಗಳಿಗೆ ಗುರುತು ಕಟ್ಟಿ ನೀರಿಗೆ ಬಿಟ್ಟು, ಮತ್ತೆ ಹಿಡಿದವುಗಳಲ್ಲಿ ಗುರುತಿನವನ್ನು ಎಣಿಸುವ ದಾರಿಯನ್ನು ತೋರಿಸಿದನು. ೧೯೪೯ರಲ್ಲಿ ಚಂದ್ರಶೇಖರನ್ ಮತ್ತು ಡೆಮಿಂಗ್ ಇದೇ ತರ್ಕವನ್ನು ಬಂಗಾಳದ ಸಿಂಗೂರಿನ ಜನನ ಮರಣಗಳ ಲೆಕ್ಕಕ್ಕೆ ಅನ್ವಯಿಸಿದರು. ಸಾಹಿತ್ಯಾಭ್ಯಾಸಿಗಳಿಗೆ ಕರಡಚ್ಚಿನ ದೃಷ್ಟಾಂತ ಹೆಚ್ಚು ಸುಗಮವಾದೀತು. ಒಂದೇ ಕರಡನ್ನು ಇಬ್ಬರು ತಿದ್ದಿದರೆನ್ನೋಣ. ಮೊದಲನೆಯವನು ೪೦ ತಪ್ಪುಗಳನ್ನೂ ಎರಡನೆಯವನು ೩೦ನ್ನೂ ಕಂಡಿದ್ದು, ಇಬ್ಬರೂ ಕಂಡವು ೨೦ ಆದರೆ, ೪೦ನ್ನು ೩೦ರಿಂದ ಗುಣಿಸಿ ೨೦ರಿಂದ ಭಾಗಿಸಲು ೬೦ ಬರುವುದು. ಕಣ್ಣಿಗೆ ಬಿದ್ದವು ೫೦. ಇಬ್ಬರಿಗೂ ತಪ್ಪಿಸಿಕೊಂಡವು ೧೦.

ಆದರೆ ಇಬ್ಬರೂ ಒಬ್ಬನನ್ನೊಬ್ಬನು ಕೇಳದೆ ತಿದ್ದಿರಬೇಕು. ಇಲ್ಲಿಯೇ ಈ ಕ್ರಮದ ದೌರ್ಬಲ್ಯ ಅಡಗಿದೆ. ಒಂದೇ ಮೂಲದಿಂದ ನಕಲಾದ ಎರಡು ಓಲೆಪ್ರತಿಗಳನ್ನು ಗ್ರಂಥಸಂಪಾದಕನು ಎರಡು ಸಾಕ್ಷಿಗಳೆಂದು ಎಣಿಸುವುದಿಲ್ಲವಷ್ಟೆ. ಚಿಕಿತ್ಸಾಲಯದ ಪಟ್ಟಿಯಿಂದ ಒಬ್ಬಳನ್ನು ದೂರವಿಟ್ಟ ಅಂಜಿಕೆಯೇ ಕಾರ್ಯಕರ್ತರ ಪಟ್ಟಿಯಿಂದಲೂ ದೂರವಿಡುವುದು. ಧೈರ್ಯವಂತರು ಎರಡರಲ್ಲಿಯೂ ಕಾಣಿಸಿಕೊಳ್ಳುವರು. ಆಗ ಸಮಾನಸಂಖ್ಯೆ ೨೦ರ ಬದಲು ೨೪ ಆಯಿತೆನ್ನಿ, ಒಟ್ಟು ೫೦ಕ್ಕಿಳಿಯುವುದು. ಯಾರನ್ನು ಕಾಣಲೆಂದು ಈ ಗಣಿತ ಹೊರಟಿತೋ ಅವರೇ ಅದರಿಂದ ಜಾರಿಹೋಗುವರು. ಪೋಲೀಸರ ಪಟ್ಟಿಗೆ ಬಿದ್ದವರು ಹೆದರಿ ಚಿಕಿತ್ಸಾಲಯವನ್ನು ಬಿಟ್ಟರೆ ಫಲ ತಿರುಗುಮುರುಗಾಗಿ, ಸಂಖ್ಯೆ ಹಿಗ್ಗುವುದು. ಚಂದ್ರಶೇಖರನ್ ಮತ್ತು ಡೆಮಿಂಗ್ ಈ ತೊಡಕನ್ನು ಅರಿತೇ ಜನರನ್ನು ಸದೃಶವಾದ ಚಿಕ್ಕ ವರ್ಗಗಳಾಗಿ ಒಡೆದು ಲೆಕ್ಕಿಸಬೇಕೆಂದರು. ಇದು ದೋಷವನ್ನು ತಗ್ಗಿಸುವುದೇ ಹೊರತು ನೀಗಿಸುವುದಿಲ್ಲ.

ಇನ್ನೊಂದು ಷರತ್ತು, ಎರಡು ಎಣಿಕೆಗಳ ನಡುವೆ ಜನ ಬರಬಾರದು, ಹೋಗಬಾರದು ಎಂಬುದು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ ಇರುವ ಮರವಂತೆಯಲ್ಲಿ ಇದು ನಡೆಯುವ ಮಾತಲ್ಲ. ಜೂನ್ ಜುಲೈಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು, ಆಮೇಲೆ ಬಂದರುಗಳ ಜನವೇ ಬೇರಾಗುವುದು. ಹೋಟೆಲು ಕೆಲಸಕ್ಕೆ ಮುಂಬಯಿ ಬೆಂಗಳೂರುಗಳಿಗೆ ಹೋದವರೂ ಊರಿಗೆ ಬಂದುಹೋಗುವರು. ಅದೇ ಹಳ್ಳಿ ೨೦೧೧ರ ಜನಗಣತಿಯಲ್ಲಿ ಕುಂದಾಪುರ ತಾಲೂಕಿನದು, ಈಗ ಬೈಂದೂರಿನದು. ಇಂಥ ವ್ಯತ್ಯಾಸಗಳಿಂದ ಒಬ್ಬನೇ ಇಬ್ಬರಾಗುವ ಸಂಭವವಿದೆ; ಸಮಾನಸಂಖ್ಯೆ ಕುಗ್ಗಿ ಒಟ್ಟು ಉಬ್ಬುವುದು.

ಹೆಸರುಗಳನ್ನು ನಿಷ್ಕೃಷ್ಟವಾಗಿ ಹೊಂದಿಸಬೇಕೆಂಬ ಅಪೇಕ್ಷೆಯಾದರೂ ಅಪಾಯಕರವೇ. ಪಟ್ಟಿ ಎಷ್ಟು ಶುದ್ಧವೋ ಅಷ್ಟೇ ಅದು ಪರರ ಕೈಗೆ ಸಿಕ್ಕಿದಾಗ ಕ್ರೂರ. ಎಚ್.ಐ.ವಿ. ಸ್ಥಿತಿಯನ್ನು ಬಯಲುಮಾಡಬಾರದೆಂದು ೨೦೧೭ರ ಕಾಯಿದೆ ವಿಧಿಸಿದೆ. ಆದುದರಿಂದ ಹೆಸರು ಬರೆಯದೆ, ಮೊದಲು ಒಂದು ವಿಶಿಷ್ಟವಾದ ಚಿಕ್ಕ ವಸ್ತುವನ್ನು ಹಂಚಿ, ಕೆಲವು ದಿನಗಳ ಮೇಲೆ ಅದು ದೊರೆತವರೆಷ್ಟೆಂದು ವಿಚಾರಿಸುವ ಪದ್ಧತಿಯೂ ರೂಢಿಯಲ್ಲಿದೆ. ಮರೆವು ಮತ್ತು ಸುಳ್ಳು ಅದರಲ್ಲಿ ಸೇರದೆ ಇರವು. ಆದರೆ ಪೀಟರ್ಸನ್ನನ ಮೀನಿಗೆ ಇಲ್ಲದ ಒಂದು ಅನುಕೂಲ ಇಲ್ಲುಂಟು: ಗುರುತನ್ನು ಬೇಡವೆಂದು ಬಿಸುಡುವ ಸ್ವಾತಂತ್ರ್ಯ ಪಡೆದವರಿಗೇ ಉಳಿದಿರುವುದು.