ಒಳ್ಳೇ ಸಾಹೇಬ್ರು ಬರ್ತಾರೆ ಅಂತ ಕಾಯೋ ಸಿನಿಮಾ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾವ ಕೇರಿಯಲ್ಲಿ ಕೂತು ಪೊಲೀಸರ ಮಾತು ತೆಗೆದರೂ ಅದು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. "ಈಗಿರೋ ಸಾಹೇಬ್ರು ಸರಿಯಿಲ್ಲ ಕಣಪ್ಪ, ಹಿಂದೆ ಒಬ್ರು ಇದ್ರು ನೋಡು..." ಆ ಹಿಂದೆ ಇದ್ದವರು ಯಾರು ಎಂದು ನಾವು ಕೇಳುತ್ತಾ ಹೋದೆವು. ಹೆಸರು ಯಾರಿಗೂ ಗೊತ್ತಿಲ್ಲ. ಇನ್ನೂ ಕೆದಕಿದರೆ ಒಂದು ಮೀಸೆ ಸಿಕ್ಕಿತು. ಅದು ಶಂಕರ್‌ನಾಗ್ ಮೀಸೆ!

ನಗುವ ಮಾತಲ್ಲ ಗೆಳೆಯರೇ. 1988ರಲ್ಲಿ ಬಂದ 'ಸಾಂಗ್ಲಿಯಾನ' ಸೇವೆಯಲ್ಲಿದ್ದ ಅಧಿಕಾರಿಯೊಬ್ಬರ ಹೆಸರನ್ನೇ ಹೊತ್ತು ಬಂದ ಚಿತ್ರ. ಅದಕ್ಕೂ ಮೊದಲು 1981ರಲ್ಲಿ 'ಅಂತ', ಆಮೇಲೆ 1996ರಲ್ಲಿ 'ಪೊಲೀಸ್ ಸ್ಟೋರಿ'. ಇವನ್ನೆಲ್ಲ ನಾವು ಹಬ್ಬದ ಮಧ್ಯಾಹ್ನ ಮಾವನ ಮನೆ ಟೀವಿಯಲ್ಲಿ ಶಿಳ್ಳೆ ಹೊಡೆದು ನೋಡಿದವರೇ. ಶಂಕರ್‌ನಾಗ್ ಮೇಲೆ ನಮಗೆ ಸಿಟ್ಟಿಲ್ಲ. ಆಟೋಗಳ ಹಿಂದೆ ಇವತ್ತಿಗೂ ಅವರ ಚಿತ್ರ ಇದೆ, ಇರಬೇಕಾದ್ದೇ. ನಮ್ಮ ತಕರಾರು ಆ ಚಿತ್ರಗಳು ಕಲಿಸಿದ ಪಾಠದ ಬಗ್ಗೆ. ಇಲಾಖೆ ಕೆಟ್ಟಿದ್ದರೆ ಅದಕ್ಕೆ ಕಾರಣ ಒಬ್ಬ ಕೆಟ್ಟವನು. ಅದಕ್ಕೆ ಮದ್ದು ಮೇಲಿಂದ ಇಳಿದು ಬರುವ ಒಬ್ಬ ಒಳ್ಳೆಯವನು. ನಡುವೆ ಇರುವ ಯಂತ್ರ ಪರದೆ ಮೇಲೆ ಬರುವುದೇ ಇಲ್ಲ. ಪೇದೆ ಅಂದರೆ ಹೊಟ್ಟೆ ಬಿಟ್ಟುಕೊಂಡು ನಗಿಸುವವನು. ಕೇರಿ ಅಂದರೆ ಕೊನೆ ಸೀನಿನಲ್ಲಿ ಕೈ ತಟ್ಟುವ ಗುಂಪು.

ಆ ಯಂತ್ರವನ್ನು ನಾವು ಬೇರೆ ಕಡೆಯಿಂದ ನೋಡಿದ್ದೇವೆ. ಬದುವಿನ ಜಗಳದಲ್ಲಿ ಹೊಡೆಸಿಕೊಂಡ ನಮ್ಮಪ್ಪ ನಮ್ಮ ಕಡೆಯ ಒಂದು ಠಾಣೆಗೆ ಹೋದರು. ಬೆಳಿಗ್ಗೆಯಿಂದ ಹೊತ್ತು ಮುಳುಗುವತನಕ ಹೊರಗಿನ ಹುಣಸೆಮರದ ಕೆಳಗೆ ಕೂರಿಸಿದರು. "ಯಾವ ಕೇರಿ?" ಎಂದು ಕೇಳಿದ್ದು ಬಿಟ್ಟರೆ ಬೇರೆ ವಿಚಾರಣೆ ಇಲ್ಲ. ಸಂಜೆ ಏನೋ ಬರೆದರು, ಓದಿ ಹೇಳಲಿಲ್ಲ, ಹೆಬ್ಬೆಟ್ಟು ಒತ್ತಿಸಿಕೊಂಡರು. ನಾವಾಗ ಏಳನೇ ಕ್ಲಾಸು. ಅಕ್ಷರ ಬರುತ್ತಿತ್ತು, ಆ ಕಾಗದ ನಮ್ಮ ಕೈಗೆ ಬರಲಿಲ್ಲ. ಅದು ರಾಜಿ ಕಾಗದ ಅಂತ ಆರು ತಿಂಗಳ ಮೇಲೆ ತಿಳಿಯಿತು. ಬರೆದವನು ರಾಕ್ಷಸನೇನಲ್ಲ. ಅಪ್ಪನಿಗೆ ಟೀ ತರಿಸಿ ಕೊಟ್ಟಿದ್ದನಂತೆ. ಆದರೆ ಅವನು ಆ ದಿನ ಏನು ಮಾಡಿದ ಎಂದು ಕೇಳುವವರು ಯಾರೂ ಇರಲಿಲ್ಲ.

ಕೇಳುವವರು ಇಲ್ಲ ಎಂದರೆ ಇಲಾಖೆಯಲ್ಲಿ ಮೇಲ್ವಿಚಾರಣೆ ಇಲ್ಲ ಎಂದಲ್ಲ. ಅದೇ ಅಲ್ಲಿ ಹೊಟ್ಟೆ ತುಂಬ ಇದೆ. ನಮ್ಮ ಕೇರಿಯಿಂದ ಮೊದಲು ಖಾಕಿ ಹಾಕಿದ ಅಣ್ಣನೊಬ್ಬ ಹೇಳುತ್ತಾನೆ: "ತಮ್ಮಾ, ಸಾಹೇಬ್ರು ಕಂಡ್ರೆ ಸೆಲ್ಯೂಟು, ತಪ್ಪಾದ್ರೆ ಮೆಮೋ. ಇಷ್ಟೇ ನಮ್ಮುನ್ನ ನೋಡ್ಕಳೋದು. ಮಗೀನ ನಾಮಕರಣಕ್ಕೆ ಒಂದಿನ ರಜ ಕೇಳಾಕೆ ಮೂರು ಕಡೆ ಕೈಕಟ್ಟಿ ನಿಂತೆ." ಬೀಟಿಗೆ ಹೋದನೇ, ದಂಡ ಎಷ್ಟು ಹಾಕಿದ, ಬಂದೋಬಸ್ತಿಗೆ ಹೊತ್ತಿಗೆ ಸರಿಯಾಗಿ ಬಂದನೇ, ಎಲ್ಲಕ್ಕೂ ಲೆಕ್ಕ ಇದೆ. ಹುಣಸೆಮರದ ಕೆಳಗೆ ಕೂತ ಮುದುಕನ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಪೇದೆ, ದಫೇದಾರ, ಎಎಸ್‌ಐ, ಪಿಎಸ್‌ಐ, ಇನ್ಸ್‌ಪೆಕ್ಟರ್, ಡಿವೈಎಸ್‌ಪಿ, ಎಸ್‌ಪಿ; ಈ ಏಣಿಯಲ್ಲಿ ಪ್ರತಿಯೊಬ್ಬನೂ ಮೇಲಿನವನ ಮುಖ ನೋಡುತ್ತಾನೆ, ಕೆಳಗಿನವನ ನೆತ್ತಿ ನೋಡುತ್ತಾನೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದು ಊರಿನಲ್ಲಷ್ಟೇ ಇಲ್ಲ, ಠಾಣೆಯಲ್ಲೂ ಇದೆ. ಏಣಿಯ ಕೊನೆ ಮೆಟ್ಟಿಲಿನವನಿಗೆ ತುಳಿಯಲು ಉಳಿದಿರುವುದು ನಾವೇ.

ಅವನು ಸಂಘ ಕಟ್ಟುವಂತೆಯೂ ಇಲ್ಲ. 1966ರ ಕೇಂದ್ರ ಕಾನೂನು ಪೊಲೀಸರ ಆ ಹಕ್ಕಿಗೆ ಬೇಲಿ ಹಾಕಿದೆ. 2016ರ ಜೂನ್ 4ರಂದು ರಾಜ್ಯದ ಪೇದೆಗಳು ಸಾಮೂಹಿಕ ರಜೆ ಹಾಕುತ್ತೇವೆಂದಾಗ ಅವರ ಮುಂದಾಳನ್ನೇ ಬಂಧಿಸಿದರು. ಸಂಬಳ, ರಜೆ, ಸಾಹೇಬರ ದಬ್ಬಾಳಿಕೆ ಎಂದು ಅವರು ಕೂಗಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಅದೇ ಖಾಕಿ ಇನ್ನೊಂದು ಕಾರಣಕ್ಕೂ ಬೀದಿಗಿಳಿಯಿತು. 2023ರ ನವೆಂಬರ್ ಕೊನೆಗೆ ಚಿಕ್ಕಮಗಳೂರಿನಲ್ಲಿ ಹೆಲ್ಮೆಟ್ ವಿಚಾರಕ್ಕೆ ವಕೀಲರೊಬ್ಬರನ್ನು ಠಾಣೆಯಲ್ಲಿ ಹೊಡೆದರು ಎಂಬ ದೂರಿನ ಮೇಲೆ ಪೊಲೀಸರು ಅಮಾನತಾದರು. ಆಗ ಅವರ ಜೊತೆಗಾರರೇ ರಸ್ತೆಗೆ ಬಂದು ಧಿಕ್ಕಾರ ಕೂಗಿದರು. ಮೇಲಿನವನು ತುಳಿದಾಗ ನೋವು, ಕೆಳಗಿನವನು ಪ್ರಶ್ನಿಸಿದಾಗ ಅವಮಾನ! ಈ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡ ಪೇದೆಯ ಕತೆಯನ್ನು ಕನ್ನಡ ಸಿನಿಮಾ ಬರೆಯಬೇಕಿತ್ತು.

ಆ ವಕೀಲರ ಹಿಂದೆ ವಕೀಲರ ಸಂಘ ಇತ್ತು, ಕ್ರಮ ತಕ್ಷಣ ಆಯಿತು. ನಮ್ಮದೇ ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ 2021ರ ಮೇ ತಿಂಗಳಲ್ಲಿ ದಲಿತ ಯುವಕನೊಬ್ಬನಿಗೆ ಮೂತ್ರ ಕುಡಿಸಿದ ಆರೋಪ ಬಂತು. ಆತ ಪತ್ರ ಬರೆದು, ಸಂಘಟನೆಗಳು ಗದ್ದಲ ಎಬ್ಬಿಸಿದ ಮೇಲೆ ಪಿಎಸ್‌ಐ ಅಮಾನತು, ಸಿಐಡಿ ತನಿಖೆ. ಗದ್ದಲ ಇಲ್ಲದಿದ್ದರೆ? ಠಾಣೆಯ ದಿನಚರಿಯಲ್ಲಿ ಆ ದಿನ ಏನೂ ನಡೆದಿಲ್ಲ ಎಂದೇ ಉಳಿಯುತ್ತಿತ್ತೋ ಏನೋ.

ಇಲ್ಲಿ ನಮಗೆ ದೇವನೂರರ 'ಒಡಲಾಳ' ನೆನಪಾಗುತ್ತದೆ. ಸಾಹುಕಾರನ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿಂದು ಮುಗಿಸುವ ಸಾಕವ್ವನ ಮನೆಗೆ ಪೊಲೀಸರು ಬರುತ್ತಾರೆ. ಅಲ್ಲಿ ಒಳ್ಳೇ ಸಾಹೇಬ, ಕೆಟ್ಟ ಸಾಹೇಬ ಎಂಬ ಪ್ರಶ್ನೆಯೇ ಇಲ್ಲ. ಪೊಲೀಸರನ್ನು ಆ ಮನೆಯ ನೆಲದ ಮೇಲೆ ಕೂತವರು ನೋಡುತ್ತಿದ್ದಾರೆ. ಸಾಂಗ್ಲಿಯಾನನ ಕಣ್ಣು ಮೇಲಿಂದ ಕೆಳಗೆ. ಸಾಕವ್ವನ ಕಣ್ಣು ಕೆಳಗಿಂದ ಮೇಲೆ. ನಮ್ಮ ಕೇರಿಗೆ ಬೇಕಾಗಿರುವುದು ಆ ಎರಡನೇ ಕಣ್ಣು.

ಅದಕ್ಕೆ ಕಾನೂನಿನಲ್ಲಿ ಜಾಗ ಇಲ್ಲವೇ? ಇದೆ, ಧೂಳು ಹಿಡಿದು ಕೂತಿದೆ. ಬರೆದುಕೊಂಡ ದೂರನ್ನು ದೂರುದಾರನಿಗೆ ಓದಿ ಹೇಳಬೇಕು ಎಂಬುದು 1973ರ ದಂಡಪ್ರಕ್ರಿಯೆ ಸಂಹಿತೆಯಲ್ಲೇ ಇತ್ತು. ಅಪ್ಪನ ಹೆಬ್ಬೆಟ್ಟಿಗೆ ಅದು ಗೊತ್ತಿರಲಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ, ಓದಿ ಹೇಳದೆ ಬೇಕೆಂದೇ ಕರ್ತವ್ಯ ಬಿಟ್ಟ ದಲಿತೇತರ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ ಇದೆ. ಆ ಕಾಯ್ದೆಯ 1995ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. 2006ರ ಪ್ರಕಾಶ್ ಸಿಂಗ್ ತೀರ್ಪಿನ ಮೇಲೆ ನಮ್ಮ ರಾಜ್ಯವೂ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ, ರಾಜ್ಯಕ್ಕೂ ಜಿಲ್ಲೆಗೂ ಪೊಲೀಸ್ ದೂರು ಪ್ರಾಧಿಕಾರ ಎಂದು ಬರೆದಿಟ್ಟಿತು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯ ಲಾಕಪ್ಪು, ವರಾಂಡ, ಬಾಗಿಲಿಗೆ ಕ್ಯಾಮೆರಾ ಹಾಕಿ, ಚಿತ್ರವನ್ನು ಹದಿನೆಂಟು ತಿಂಗಳು ಕಾಪಾಡಿ ಎಂದಿತು. ಮೇಷ್ಟ್ರುಗಳೇ, ನಿಮ್ಮ ಕ್ಲಾಸಿನ ಮಕ್ಕಳಿಗೆ ಟ್ರಾಫಿಕ್ ಚಿಹ್ನೆ ಕಲಿಸುತ್ತೀರಿ. ಇದನ್ನು ಯಾವತ್ತು ಕಲಿಸುತ್ತೀರಿ?

ನಾವು ಕೇಳಿದ ಕೇರಿಗಳಲ್ಲಿ ಈ ಪ್ರಾಧಿಕಾರದ ಹೆಸರು ಕೇಳಿದವರು ಒಬ್ಬರೂ ಸಿಗಲಿಲ್ಲ. ಸಾಂಗ್ಲಿಯಾನನ ಹೆಸರು ಹೇಳದವರೂ ಸಿಗಲಿಲ್ಲ.

2024ರ ಜನವರಿಯಲ್ಲಿ ತರೀಕೆರೆ ತಾಲ್ಲೂಕಿನ ಗೇರುಮರಡಿಯಲ್ಲಿ, ಗೊಲ್ಲರಹಟ್ಟಿಯೊಳಗೆ ಕಾಲಿಟ್ಟನೆಂದು ದಲಿತ ಯುವಕನನ್ನು ಹೊಡೆದ ಮೇಲೆ, ಸಂಘಟನೆಗಳು ಕೂಡಿ ಆ ಹಟ್ಟಿಯೊಳಗೆ ನಡೆದು ಹೋದವು. ಅವತ್ತು ಪೊಲೀಸರು ಕಾವಲಿಗಿದ್ದರು. ಇಷ್ಟು ಜನ ನೋಡುತ್ತಿರುವಾಗ ಖಾಕಿ ನೆಟ್ಟಗೆ ನಿಲ್ಲುತ್ತದೆ. ಜನ ಚದುರಿದ ಮಾರನೆಯ ದಿನ ಠಾಣೆಯೊಳಗೆ ಏನಾಗುತ್ತದೆ ಎಂಬುದು ನಮ್ಮ ಚಿಂತೆ.

ಕಳೆದೆರಡು ವರ್ಷದಲ್ಲಿ ಜಾಗೃತಿ ಸಮಿತಿ ಎಷ್ಟು ಸಲ ಸೇರಿತು, ನಡಾವಳಿ ಕೊಡಿ ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆದಿದ್ದೇವೆ. ಅಪ್ಪನ ಹೆಸರಿನಲ್ಲೇ ಬರೆದೆವು. ಎರಡು ಸಲ ಓದಿಸಿಕೊಂಡು ಕೇಳಿದರು. ಹೆಬ್ಬೆಟ್ಟಿಗೆ ಮಸಿ ತಂದರೆ ಬೇಡವೆಂದು ಪೆನ್ನು ಇಸ್ಕೊಂಡರು.