ದಂತವೂ ಶಿಲೆಯೂ: ಒಂದು ಉಪಮೆಯ ಪರೀಕ್ಷೆ

ಕನ್ನಡ ನಾಡಿನ ಮಧ್ಯಯುಗದ ದೇವಾಲಯಗಳನ್ನು ಕುರಿತು ಬರೆಯುವವರು, ಕಂಬಗಳ ನುಣುಪನ್ನೂ ತೋರಣಗಳ ಸೂಕ್ಷ್ಮತೆಯನ್ನೂ ಕಂಡು, ಇದು ಕಲ್ಲಿನ ಕೆಲಸವಲ್ಲ, ಆನೆಯ ದಂತದ ಕೆಲಸವೆಂದು ಹೊಗಳುವದು ರೂಢಿಯಾಗಿದೆ. ಹೊಯ್ಸಳ ಶಿಲ್ಪಕ್ಕೆ ಸಲ್ಲಿಸುವ ಈ ಮಾತನ್ನು, ಅದಕ್ಕೆ ಹಾದಿ ಮಾಡಿಕೊಟ್ಟ ಕಲ್ಯಾಣದ ಚಾಲುಕ್ಯರ ಶಿಲ್ಪಕ್ಕೂ ಹೇಳುವರು. ಹುಬ್ಬಳ್ಳಿ ಧಾರವಾಡಗಳ ನಡುವಣ ಅಮರಗೋಳದ ಬನಶಂಕರಿ ದೇವಾಲಯವು ಈ ಚಾಲುಕ್ಯ ಸಂಪ್ರದಾಯಕ್ಕೆ ಸೇರಿದುದಾದುದರಿಂದ, ಈ ಹೊಗಳಿಕೆಯಲ್ಲಿ ಅದಕ್ಕೂ ಪಾಲು ಉಂಟು. ಸಾಹಿತ್ಯದ ಅಭ್ಯಾಸಿಗಳಿಗೆ ಇದೊಂದು ಉಪಮೆಯೆಂಬುದು ಕೂಡಲೇ ತಿಳಿಯುವದು. ಉಪಮಾನ, ಉಪಮೇಯಗಳಿದ್ದರೆ ಸಾಲದು, ಅವೆರಡಕ್ಕೂ ಸಾಧಾರಣವಾದ ಧರ್ಮವೊಂದು ಇರಬೇಕೆಂದು ಆಲಂಕಾರಿಕರು ವಿಧಿಸಿದ್ದಾರೆ. ಇಲ್ಲಿ ಆ ಧರ್ಮವು ಯಾವುದು? ಅದನ್ನು ವಿಚಾರಿಸದೆ ಹೊಗಳುತ್ತ ಹೋದುದರಿಂದ ಶಿಲೆಗೂ ದಂತಕ್ಕೂ ಒಟ್ಟಿಗೆ ಅನ್ಯಾಯವಾಗಿದೆಯೆಂಬುದು ಈ ಲೇಖನದ ಪ್ರತಿಪಾದ್ಯ.

ಹೋಲಿಕೆಯು ನಿರಾಧಾರವೆನ್ನಲಾಗದು. ಸಾಂಚಿಯ ಮಹಾಸ್ತೂಪದ ದಕ್ಷಿಣ ತೋರಣದ ಕಂಬದ ಮೇಲೆ, ಕ್ರಿಸ್ತಪೂರ್ವ ೧ನೆಯ ಶತಮಾನಕ್ಕೆ ಸೇರಿದ ಪ್ರಾಕೃತ ಲೇಖವೊಂದಿದೆ. ಅಲ್ಲಿಯ ‘ರೂಪಕಮ್ಮ’ವನ್ನು ವಿದಿಶೆಯ ದಂತಕಾರರು ಮಾಡಿದರೆಂದು ಅದು ಹೇಳುತ್ತದೆ. ದಂತದಲ್ಲಿ ಪಳಗಿದ ಕೈಯೇ ಮುಂದೆ ಶಿಲೆಗೆ ಇಳಿಯಿತೆಂಬ ವಾದಕ್ಕೆ ಇದೇ ಮುಖ್ಯ ಪ್ರಮಾಣ. ಆದರೆ ಈ ಒಂದು ಲೇಖವು ಎಷ್ಟು ಭಾರವನ್ನು ಹೊರಬಲ್ಲದು? ದಂತಕಾರರು ಕೆತ್ತಿದರೆಂದಲ್ಲ, ಕೆತ್ತನೆಗೆ ದ್ರವ್ಯವನ್ನು ಕೊಟ್ಟರೆಂದು ಅರ್ಥಮಾಡುವ ವಿದ್ವಾಂಸರೂ ಇದ್ದಾರೆ. ಆ ಅರ್ಥವನ್ನು ಒಪ್ಪದಿದ್ದರೂ, ಸಾಂಚಿಗೂ ನಮ್ಮ ಚಾಲುಕ್ಯ ಗುಡಿಗಳಿಗೂ ನಡುವೆ ಸಾವಿರ ವರ್ಷಕ್ಕೆ ಮಿಕ್ಕ ಅಂತರವಿರುವದನ್ನು ಮರೆಯಲಾಗದು.

ಆ ಲೇಖದ ಶಬ್ದಗಳನ್ನೇ ನೋಡುವದು ಹೆಚ್ಚು ಲಾಭದಾಯಕ. ‘ದಂತಕಾರ’ ಎಂಬುದು ದ್ರವ್ಯದಿಂದ ಬಂದ ಹೆಸರು. ‘ರೂಪಕಮ್ಮ’ ಎಂಬುದು ರೂಪದಿಂದ ಬಂದುದು. ನಮ್ಮ ಶಾಸನಗಳಲ್ಲಿ ಶಿಲ್ಪಿಗೆ ರೂವಾರಿ ಎಂಬ ಹೆಸರುಂಟು. ಅದು ರೂಪಕಾರಿ ಎಂಬುದರ ತದ್ಭವ. ಆ ಹೆಸರಿನಲ್ಲಿ ಕಲ್ಲಿನ ಸುದ್ದಿಯೇ ಇಲ್ಲ, ರೂಪವಷ್ಟೇ ಇದೆ. ಹೀಗೆ, ದಂತಕ್ಕೂ ಶಿಲೆಗೂ ಸಾಧಾರಣವಾದ ಧರ್ಮವು ರೂಪವನ್ನು ಕಲ್ಪಿಸುವ ಬುದ್ಧಿಯಲ್ಲಿ ಇದೆ. ಅಷ್ಟರ ಮಟ್ಟಿಗೆ ಉಪಮೆಯು ಸಾಧು. ದ್ರವ್ಯಕ್ಕೆ ಬಂದರೆ ಅದು ನಿಲ್ಲಲಾರದು.

ಬಾದಾಮಿಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಳಪದ ಕಲ್ಲು ಬಳಕೆಗೆ ಬಂದಿತು. ಸುಮಾರು ೧೦೫೦ರ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು ಈ ಕಲ್ಲಿನ ಮೊದಮೊದಲ ಗುಡಿಗಳಲ್ಲಿ ಎಣಿಸುತ್ತಾರೆ. ಗಣಿಯಿಂದ ತೆಗೆದಾಗ ಈ ಕಲ್ಲು ಮೃದುವಾಗಿದ್ದು, ಗಾಳಿಗೆ ಬಿದ್ದು ಕಾಲ ಕಳೆದಂತೆ ಗಟ್ಟಿಯಾಗುವದು. ಕಂಬವನ್ನು ಕಡೆದು ಉಂಗುರಗಳನ್ನು ಎಬ್ಬಿಸುವದಕ್ಕೂ, ಉಳಿಯ ತುದಿಯಿಂದ ಬಳ್ಳಿಯನ್ನು ಬಿಡಿಸುವದಕ್ಕೂ ಕಲ್ಲಿನ ಈ ಗುಣವೇ ಸಾಕು. ದಂತದಿಂದ ಸಾಲ ತರುವ ಕಾರಣವಿಲ್ಲ. ಇತ್ತ ದಂತವು ಬಾಗಿದ ವಸ್ತು, ಬುಡದಲ್ಲಿ ಟೊಳ್ಳು. ಅದರಲ್ಲಿ ಮೂಡುವ ಬೊಂಬೆಯು ಆ ಬಾಗಿಗೂ ಆ ಅಳತೆಗೂ ಒಳಗಾಗಬೇಕು. ಆದರೆ ದಂತವು ಬಿಗುಪಾದುದರಿಂದ ತೆಳುವಾದ ತೋಳನ್ನು ಮೈಯಿಂದ ಬಿಡಿಸಿ ಕೆತ್ತಿದರೂ ತಾಳುತ್ತದೆ. ಕಲ್ಲಿನಲ್ಲಿ ಹಾಗೆ ಚಾಚಿದ ತೋಳು ಮುರಿಯುವದು ಸುಲಭ. ಅದಕ್ಕೆ ಹಿಂದೆ ಗೋಡೆಯ ಆಸರೆ ಬೇಕು. ದಂತದ ಬೊಂಬೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತೇವೆ; ಗುಡಿಯ ಶಿಲೆಯನ್ನು ನೋಡಬೇಕಾದರೆ ನಾವೇ ಅದರ ಸುತ್ತ ತಿರುಗಬೇಕು.

ದಂತವು ಹೀಗೆ ಕೈಯಿಂದ ಕೈಗೆ ಹೋಗುವ ವಸ್ತುವೆಂಬುದಕ್ಕೆ ನೇಪಲ್ಸ್ ಪಟ್ಟಣದ ಪುರಾತತ್ವ ಸಂಗ್ರಹಾಲಯದಲ್ಲಿ ಒಂದು ಪ್ರಸಿದ್ಧ ಸಾಕ್ಷಿಯುಂಟು. ೧೯೩೮ರಲ್ಲಿ ಅಮೆದೆಯೊ ಮಯೂರಿಯವರು ಪೊಂಪೇಯಿಯ ಮನೆಯೊಂದರಲ್ಲಿ, ಇಬ್ಬರು ಪರಿಚಾರಿಕೆಯರ ನಡುವೆ ನಿಂತ ಭಾರತೀಯ ಸ್ತ್ರೀಮೂರ್ತಿಯೊಂದನ್ನು ಶೋಧಿಸಿದರು. ಎತ್ತರವು ಸುಮಾರು ೨೫ ಸೆಂಟಿಮೀಟರು. ಕೆಲವರು ಲಕ್ಷ್ಮಿಯೆಂದರು, ಕೆಲವರು ಯಕ್ಷಿಯೆಂದರು. ತಲೆಯಿಂದ ಕೆಳಗಿಳಿಯುವ ರಂಧ್ರವಿರುವದರಿಂದ ಅದು ಕನ್ನಡಿಯ ಹಿಡಿಯೋ ಪೀಠದ ಕಾಲೋ ಆಗಿದ್ದಿರಬೇಕು. ಕ್ರಿಸ್ತಶಕ ೭೯ರಲ್ಲಿ ಆ ಊರು ವೆಸೂವಿಯಸ್ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದುದರಿಂದ, ಮೂರ್ತಿಯು ಅದಕ್ಕೂ ಹಿಂದಿನದೆಂಬುದು ನಿರ್ವಿವಾದ. ಇದನ್ನು ಬಹಳವಾಗಿ ಹೋಲುವ ದಂತದ ಬೊಂಬೆಯು ಮಹಾರಾಷ್ಟ್ರದ ತೇರ ಎಂಬ ಊರಲ್ಲಿ ದೊರೆತಿದೆ. ತೇರವೆಂದರೆ ಹಿಂದಿನ ತಗರ. ನಮ್ಮ ಶಾಸನಗಳ ಶಿಲಾಹಾರ ಅರಸರು ‘ತಗರಪುರವರಾಧೀಶ್ವರ’ರೆಂದು ಕರೆಯಿಸಿಕೊಂಡುದು ಈ ಊರಿನಿಂದಲೇ. ಹೀಗೆ ನೇಪಲ್ಸಿನ ಮೂರ್ತಿಯನ್ನು ಅರಿಯುವದಕ್ಕೆ ಅದು ಸಾಗಿದ ದಾರಿಯನ್ನು ಹುಡುಕಬೇಕು.

ಶಿಲೆಯ ಗತಿಯು ಬೇರೆ. ೧೧೧೨ರಲ್ಲಿ ದಂಡನಾಯಕ ಮಹಾದೇವನು ಕಟ್ಟಿಸಿದ ಇಟಗಿಯ ಗುಡಿಯನ್ನು ಅಲ್ಲಿಯ ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳುತ್ತದೆ. ಆ ಕಾಲದ ವಿಮರ್ಶೆಯ ಈ ಮಾತನ್ನು ಗಮನಿಸಬೇಕು. ಅದು ಹೊಗಳಿದುದು ಒಂದು ಬಳ್ಳಿಯನ್ನಲ್ಲ, ಇಡಿಯ ಗುಡಿಯನ್ನು. ಹೋಲಿಸಿದುದು ದಂತದೊಡನೆ ಅಲ್ಲ, ಇತರ ದೇವಾಲಯಗಳೊಡನೆ. ದಂತದ ಉಪಮೆಯು ನಮ್ಮ ಕಣ್ಣನ್ನು ಬಿಡಿ ತುಣುಕಿನ ಮೇಲೆ ನಿಲ್ಲಿಸುತ್ತದೆ. ತುಣುಕೇ ಸಾಕೆಂಬ ಭಾವನೆಯು ಬೆಳೆದ ಮೇಲೆ ಅದನ್ನು ಗೋಡೆಯಿಂದ ಕಿತ್ತು ಒಯ್ದರೂ ನಷ್ಟವೇನೂ ಆಗದೆಂದು ತೋರುವದು. ಅಪಾಯವಿರುವದು ಇಲ್ಲಿಯೇ. ೧೯೩೯ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹಾಲಯದಂಥವು ಅನಾಥವಾದ ಮೂರ್ತಿ ಶಾಸನಗಳಿಗೆ ಆಶ್ರಯವಿತ್ತು ಮಹೋಪಕಾರ ಮಾಡಿವೆ. ಆದರೆ ಆಶ್ರಯವು ಸ್ವಸ್ಥಾನವಲ್ಲ. ಅಮರಗೋಳದ ಗುಡಿಯು ಇದ್ದ ಊರಲ್ಲಿಯೇ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ನಿಂತಿರುವದು ಈ ದೃಷ್ಟಿಯಿಂದ ಭಾಗ್ಯವೇ ಸರಿ.

ಹಾಗಾದರೆ ದಂತಕ್ಕೆ ಸಂಗ್ರಹಾಲಯವೇ ತಕ್ಕ ಮನೆ, ಶಿಲೆಗೆ ಅಲ್ಲ, ಎಂದು ಸೂತ್ರಿಸಿಬಿಡಬಹುದೇ? ಆಫ್ರಿಕೆಯ ಬೆನಿನ್ ರಾಜ್ಯದ ದಂತದ ಮುಖಗಳು ಇದಕ್ಕೆ ಅಡ್ಡಬರುತ್ತವೆ. ೧೬ನೆಯ ಶತಮಾನದ ಈ ಮುಖಗಳು ರಾಜಮಾತೆ ಇದಿಯಾಳವೆಂದು ಹೇಳುತ್ತಾರೆ. ಅರಸನು ಇವನ್ನು ಕರ್ಮಾಚರಣೆಗಳಲ್ಲಿ ಮೈಮೇಲೆ ಧರಿಸುತ್ತಿದ್ದನು. ೧೮೯೭ರಲ್ಲಿ ಬ್ರಿಟಿಷ್ ಸೈನ್ಯವು ಆ ಪಟ್ಟಣವನ್ನು ಸೂರೆಮಾಡಿದಾಗ ಇವು ಹೊರಬಿದ್ದವು. ಈಗ ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿ, ಇನ್ನೊಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ನಿನಲ್ಲಿ ಇವೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತುವಿಗೂ ಸ್ಥಾನವಿರಬಲ್ಲದು. ಅದು ಗೋಡೆಯಾಗಿರದೆ ಒಬ್ಬ ಅರಸನ ಮೈಯಾಗಿರಬಹುದು. ಪೊಂಪೇಯಿಯ ಮೂರ್ತಿಯು ಸಾಗಿದುದೂ, ಬೆನಿನ್ನಿನ ಮುಖವು ಒಯ್ಯಲ್ಪಟ್ಟುದೂ ಒಂದೇ ಅಲ್ಲ.

ಆದುದರಿಂದ ಸಂಗ್ರಹಾಲಯದ ಚೀಟಿಯು ದ್ರವ್ಯ, ಕಾಲ, ಎತ್ತರ ಇವಿಷ್ಟನ್ನು ಹೇಳಿ ಮುಗಿಸಲಾಗದು. ವಸ್ತುವು ಯಾವುದಕ್ಕೆ ಅಂಗವಾಗಿದ್ದಿತು, ಅದರಿಂದ ಹೇಗೆ ಬೇರೆಯಾಯಿತು, ಎಂಬೆರಡನ್ನೂ ಅದು ನುಡಿಯಬೇಕು. ನಮ್ಮ ದೇಶದಲ್ಲಿ ೧೯೮೬ರ ಮತ್ತು ೧೯೯೧ರ ಕಾಯಿದೆಯ ತಿದ್ದುಪಡಿಗಳಿಂದ ದಂತದ ವ್ಯಾಪಾರವು ನಿಂತುಹೋಗಿದೆ. ಆನೆಗಳ ಉಳಿವಿಗೆ ಅದು ಅವಶ್ಯವಾಗಿದ್ದಿತು. ಆದರೆ ಮುಂದೆ ಆ ಕುಶಲತೆಯನ್ನು ಕಲಿಯುವವರಿಗೆ ಹಳೆಯ ವಸ್ತುಗಳೇ ಗುರು; ಅವುಗಳ ಚೀಟಿಯು ಮೂಕವಾದರೆ ಗುರುವೂ ಮೂಕನಾದಂತೆ. ತರಗತಿಯಲ್ಲಿ ಚಾಲುಕ್ಯ ಶಿಲ್ಪವನ್ನು ವರ್ಣಿಸುವ ಅಧ್ಯಾಪಕರು ದಂತದ ಉಪಮೆಯನ್ನು ಬಿಡಬೇಕಾಗಿಲ್ಲ. ಸಾಮ್ಯವನ್ನು ಹೇಳಿದ ಮೇಲೆ ಭೇದವನ್ನೂ ಹೇಳಿದರೆ ಸಾಕು. ಭೇದವು ತಿಳಿದಾಗಲೇ ಉಪಮೆಯು ಸಾರ್ಥಕ. ರೂವಾರಿಯು ಕಲ್ಲಿನಲ್ಲಿ ಸಾಧಿಸಿದುದು ಕಲ್ಲಿನ ಸಿದ್ಧಿಯೆಂದೇ ಎಣಿಕೆಗೆ ಬರುವದು.