ಹುಬ್ಬು ಹಾರಿಸದ ಚೆಲ್ಲೊ ವಾದಕ

ಚೆಲ್ಲೊ ವಾದಕರ ಮುಖ ನೋಡುತ್ತ ಸಂಗೀತ ಕೇಳಬಾರದು ಎನ್ನುವುದು ನನ್ನ ಹಳೆಯ ಹಟ. ವಾದ್ಯವನ್ನು ಮೊಣಕಾಲುಗಳ ನಡುವೆ ಅಪ್ಪಿಕೊಂಡು ಕೂರುವವರಿಗೆ ತಲೆ ತೂಗುವುದು, ಕಣ್ಣು ಮುಚ್ಚುವುದು, ತುಟಿ ಕಚ್ಚುವುದು ತಾನಾಗಿಯೇ ಬಂದುಬಿಡುತ್ತದೆ. ಕೇಳುಗರು ಅದನ್ನೇ ಭಾವ ಎಂದು ನಂಬಿಬಿಡುತ್ತಾರೆ. ಹಂಗೇರಿಯ ಯಾನೋಶ್ ಸ್ಟಾರ್ಕರ್ ಒಬ್ಬರನ್ನು ಮಾತ್ರ ಧೈರ್ಯವಾಗಿ ನೋಡುತ್ತ ಕೇಳಬಹುದು. ಬೋಳು ತಲೆ, ಬಿಗಿದ ತುಟಿ, ಲೆಕ್ಕ ತಪಾಸಣೆಗೆ ಬಂದ ಅಧಿಕಾರಿಯ ನೋಟ. ಇದನ್ನು ಕಂಡು ಅವರ ಸಂಗೀತವೂ ತಣ್ಣಗಿದೆ ಎಂದು ತೀರ್ಪು ಕೊಟ್ಟವರಿದ್ದಾರೆ. ಅವರೆಲ್ಲ ಕಣ್ಣಲ್ಲೇ ಕೇಳಿದವರು.

ಸ್ಟಾರ್ಕರ್ ಹುಟ್ಟಿದ್ದು 1924ರಲ್ಲಿ, ಬುಡಾಪೆಸ್ಟ್‌ನ ಯಹೂದಿ ಮನೆಯಲ್ಲಿ. ಇಬ್ಬರು ಅಣ್ಣಂದಿರೂ ಪಿಟೀಲು ಹಿಡಿದಿದ್ದರಿಂದ ಇವರ ಪಾಲಿಗೆ ಚೆಲ್ಲೊ ಬಂತು. ಏಳಕ್ಕೆಲ್ಲ ಲಿಸ್ಟ್ ಅಕಾಡೆಮಿ, ಅಲ್ಲಿ ಅಡಾಲ್ಫ್ ಶಿಫರ್ ಬಳಿ ಪಾಠ. ಎಂಟಕ್ಕೆ ತಾವೇ ಮೇಷ್ಟ್ರು. ಹನ್ನೆರಡಾಗುವ ಹೊತ್ತಿಗೆ ಐವರು ಶಿಷ್ಯರು! ಹದಿನಾಲ್ಕರಲ್ಲಿ, ಬರಬೇಕಿದ್ದ ಕಲಾವಿದರು ಕೈಕೊಟ್ಟಾಗ, ಮೂರೇ ಗಂಟೆ ಮುಂಚೆ ಹೇಳಿಕಳಿಸಿದರೂ ದ್ವೋರ್ಜಾಕ್‌ನ ಕನ್ಸರ್ಟೊ ನುಡಿಸಿ ಬಂದರು. ಆಮೇಲೆ ಯುದ್ಧ. ಇಬ್ಬರು ಅಣ್ಣಂದಿರೂ ನಾಜಿಗಳ ಕೈಯಲ್ಲಿ ಸತ್ತರು. ಇವರು ಚೆಪೆಲ್ ದ್ವೀಪದ ಬಂಧನ ಶಿಬಿರದಲ್ಲಿ ಮೂರು ತಿಂಗಳು ಕಳೆದು ಬದುಕಿ ಬಂದರು.

ಯುದ್ಧ ಮುಗಿದ ಮೇಲೆ ಬುಡಾಪೆಸ್ಟ್ ಒಪೆರಾದ ಮುಖ್ಯ ಚೆಲ್ಲೊ ವಾದಕನ ಕುರ್ಚಿ ಸಿಕ್ಕಿತು. 1946ರಲ್ಲಿ ಅದನ್ನು ಬಿಟ್ಟು ದೇಶವನ್ನೂ ಬಿಟ್ಟರು. ಬಾಲಪ್ರತಿಭೆಗಳನ್ನು ಕಾಡುವ ಕಾಯಿಲೆಯೊಂದು ಅವರಿಗೂ ಅಂಟಿದ್ದು ಆ ವರ್ಷಗಳಲ್ಲೇ. ಅಷ್ಟು ದಿನ ಕೈ ತಾನಾಗಿ ನುಡಿಸುತ್ತಿತ್ತು. ಹೇಗೆ ನುಡಿಸುತ್ತೇನೆ ಎಂಬ ಪ್ರಶ್ನೆ ಹುಟ್ಟಿದ ದಿನವೇ ಕೈ ತಡವರಿಸತೊಡಗಿತು. ಹಲವರು ಇಲ್ಲಿಗೇ ಮುಗಿದುಹೋಗುತ್ತಾರೆ. ಸ್ಟಾರ್ಕರ್ ಮಾತ್ರ ಭುಜದಿಂದ ಬೆರಳ ತುದಿಯವರೆಗೆ ತಮ್ಮ ಚಲನೆಗಳನ್ನೆಲ್ಲ ಬಿಡಿಸಿ ನೋಡಿ, ಕಾರಣ ಹುಡುಕಿ, ಮತ್ತೆ ಜೋಡಿಸಿಕೊಂಡರು. ಶಕ್ತಿ ಬರಬೇಕಾದದ್ದು ಬೆನ್ನು ತೋಳುಗಳಿಂದ, ಬೆರಳು ಒತ್ತಿ ಹಿಂಡುವುದರಿಂದಲ್ಲ ಎಂಬ ಅವರ ಪಾಠದ ಮೂಲ ಇಲ್ಲಿದೆ. ಆ ಬಿಗಿದ ಮುಖದ ಮೂಲವೂ ಇಲ್ಲೇ ಇದೆ ಎಂದು ನನ್ನ ಊಹೆ: ಮೈಯಲ್ಲಿ ವ್ಯರ್ಥವಾಗುವ ಬಲವೆಲ್ಲ ನಾದಕ್ಕೆ ನಷ್ಟ.

ಅವರ ಹೆಸರಿಗೆ ಅಂಟಿಕೊಂಡ ಕೃತಿ ಝೋಲ್ತಾನ್ ಕೊಡಾಯ್ 1915ರಲ್ಲಿ ಬರೆದ, ಪಕ್ಕವಾದ್ಯವಿಲ್ಲದ ಚೆಲ್ಲೊ ಸೊನಾಟಾ. ಅರ್ಧ ಗಂಟೆಯ ಕೃತಿ. ಚೆಲ್ಲೊದ ನಾಲ್ಕು ತಂತಿಗಳು ಸಿ, ಜಿ, ಡಿ, ಎ. ಇಲ್ಲಿ ಕೆಳಗಿನ ಎರಡನ್ನು ಅರ್ಧರ್ಧ ಸ್ವರ ಇಳಿಸಿ ಬಿ ಮತ್ತು ಎಫ್ ಶಾರ್ಪ್ ಮಾಡಬೇಕು. ಅಷ್ಟಕ್ಕೇ ವಾದ್ಯದ ಮಂದ್ರಕ್ಕೆ ಬೇರೆಯೇ ಗಡಸು ಬರುತ್ತದೆ. ಬೆರಳಿನ ಜಾಗ ಮಾತ್ರ ಎಲ್ಲ ಅದಲುಬದಲು. ಕಲಿತದ್ದನ್ನು ಆ ಎರಡು ತಂತಿಗಳ ಮಟ್ಟಿಗೆ ಮರೆಯಬೇಕು. ಮೂರನೆಯ ಭಾಗದಲ್ಲಿ ಬಲಗೈಯ ಕಮಾನು ಒಂದು ತಂತಿಯ ಮೇಲೆ ಓಡುತ್ತಿರುವಾಗ ಎಡಗೈ ಬೆರಳು ಇನ್ನೊಂದನ್ನು ಮೀಟಬೇಕು. ಹಂಗೇರಿಯ ಹಳ್ಳಿಯ ವಾದ್ಯಗಳೆಲ್ಲ ಒಂದೇ ಮರದ ಡೊಳ್ಳು ಹೊಟ್ಟೆಯೊಳಗೆ ಸೇರಿಕೊಂಡಂತೆ ಕೇಳುತ್ತದೆ.

ಹದಿನೈದರ ಹುಡುಗ ಇದನ್ನು ಕೊಡಾಯ್ ಎದುರು ನುಡಿಸಿದಾಗ ಸಿಕ್ಕ ಪ್ರತಿಕ್ರಿಯೆಯನ್ನು ಸ್ಟಾರ್ಕರ್ ಮುಂದೆ ಹೇಳಿಕೊಳ್ಳುತ್ತಿದ್ದರು: ಮೊದಲನೆಯದರ ವೇಗ ಜಾಸ್ತಿ, ಎರಡನೆಯದು ಸರಿ, ಮೂರನೆಯದನ್ನು ತುಂಡು ತುಂಡು ಮಾಡಬೇಡ. ಶಹಬ್ಬಾಸ್‌ಗಿರಿ ಇಲ್ಲ. ಇಬ್ಬರದೂ ಒಂದೇ ಜಾತಿಯ ಮುಖ! ಪ್ಯಾರಿಸ್‌ನಲ್ಲಿ ಮಾಡಿದ ಮುದ್ರಿಕೆಗೆ 1948ರಲ್ಲಿ ಫ್ರಾನ್ಸಿನ ಗ್ರಾಂ ಪ್ರೀ ದು ದಿಸ್ಕ್ ಬಂತು. 1950ರಲ್ಲಿ ಅಮೆರಿಕದ ಪೀರಿಯಡ್ ಕಂಪನಿಗೆ ಮತ್ತೊಮ್ಮೆ ನುಡಿಸಿದರು; ಮುದ್ರಣದ ಯಂತ್ರಗಳ ಮುಂದೆ ಕೂತಿದ್ದವರು ಸಂಗೀತಕಾರ ಬೇಲಾ ಬಾರ್ತೋಕ್ ಅವರ ಮಗ ಪೀಟರ್. ಕಮಾನಿನ ರಾಳ ತಂತಿಗೆ ಉಜ್ಜುವ ಸದ್ದೂ ಕೇಳುವಷ್ಟು ಹತ್ತಿರದ ನಾದ.

ಅಮೆರಿಕದಲ್ಲಿ ಡಲ್ಲಾಸ್, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ, ಶಿಕಾಗೊ ಎಂದು ವಾದ್ಯವೃಂದಗಳ ಮೊದಲ ಕುರ್ಚಿಯಲ್ಲಿ ಹತ್ತು ವರ್ಷ. ಡಲ್ಲಾಸ್‌ನಲ್ಲಿ ಡೊರಾಟಿ, ಉಳಿದೆರಡು ಕಡೆ ಫ್ರಿಟ್ಜ್ ರೈನರ್ ನಿರ್ದೇಶಕರು, ಇಬ್ಬರೂ ಬುಡಾಪೆಸ್ಟ್‌ನವರೇ. 1958ರಲ್ಲಿ ಬ್ಲೂಮಿಂಗ್ಟನ್‌ನ ಇಂಡಿಯಾನ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದವರು 2013ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಒಬ್ಬನಿಗೆ ಪಾಠ ನಡೆಯುವಾಗ ಉಳಿದವರು ಕೂತು ಕೇಳಬೇಕು. ದಾಕ್ಷಿಣ್ಯ ಎಂಬ ಪದಾರ್ಥ ಅಲ್ಲಿ ಇರಲಿಲ್ಲ. ಸಿಗರೇಟಿನ ಹೊಗೆ ಮಾತ್ರ ಧಾರಾಳ. ದಕ್ಷಿಣ ಕ್ಯಾರೊಲೈನಾದಲ್ಲಿ ಒಮ್ಮೆ ರಂಗದ ಹಿಂದೆ ಸೇದಬೇಡಿ ಎಂದದ್ದಕ್ಕೆ ಕಛೇರಿಯನ್ನೇ ಬಿಟ್ಟು ಹೊರಟರಂತೆ. ಸಂಯಮದ ಮೂರ್ತಿಗೂ ಒಂದು ಚಟ ಇತ್ತೆನ್ನುವುದು ನನಗೆ ಸಮಾಧಾನ ಕೊಡುವ ಸಂಗತಿ. ಟಿಕೆಟ್ ಕೊಂಡವರಿಗೆ ಹಾಗೆ ಅನಿಸಿರಲಾರದು.

ಬಾಖ್‌ನ ಆರು ಸೂಟ್‌ಗಳನ್ನು ಅವರು ಮತ್ತೆ ಮತ್ತೆ ಮುದ್ರಿಸಿದರು. ಗ್ರ್ಯಾಮಿ ಸಿಕ್ಕಿದ್ದು ತೊಂಬತ್ತರ ದಶಕದ ಆರ್‌ಸಿಎ ಮುದ್ರಿಕೆಗೆ. ಅದು ಸೊಗಸಾಗಿದೆ, ಆದರೆ ಹಿರಿಯರ ನಿಧಾನ ಇದೆ. ಅರವತ್ತರ ದಶಕದ ಮರ್ಕ್ಯುರಿ ಮುದ್ರಿಕೆಯೇ ನನ್ನ ಆಯ್ಕೆ. ಹೊಸಬರು ಅದರ ಮೂರನೆಯ ಸೂಟ್‌ನಿಂದ ಶುರುಮಾಡಿ. ಕಿವಿ ಪಳಗಿದ ಮೇಲೆ 1950ರ ಕೊಡಾಯ್ ಹಾಕಿಕೊಳ್ಳಿ, ಮೊದಲಿಂದ ಕೊನೆವರೆಗೆ, ನಡುವೆ ಏಳದೆ. ಈ ಕೃತಿಯನ್ನು ಆಮೇಲೆ ಚೆನ್ನಾಗಿ ನುಡಿಸಿದವರು ಬಹಳ ಮಂದಿ ಇದ್ದಾರೆ. ಆ ಮುದ್ರಿಕೆಯನ್ನು ಮೀರಿಸಿದ್ದನ್ನು ನಾನಂತೂ ಕೇಳಿಲ್ಲ.